ಮಾಗಿಯ ಬೆಳಗು, ಮನೆಯ ನೆನಪು



ಮಹೋತ್ಸವದ ಸಭೆಗಳಲ್ಲಿ ಮಠದ ಇತಿಹಾಸ, ಶರಣರ ತತ್ತ್ವ, ದಾಸೋಹ, ವಿದ್ಯಾದಾನ ಮೊದಲಾದ ಹಿರಿಯ ವಿಷಯಗಳನ್ನು ಕುರಿತು ಬಲ್ಲವರು ಮಾತನಾಡುವದು ರೂಢಿ. ಇಂದಿನ ವಿಷಯವು ಅವುಗಳ ಮುಂದೆ ಚಿಕ್ಕದು. ಮಾರ್ಗಶಿರ ಪುಷ್ಯ ಮಾಸಗಳ ಚಳಿಯಲ್ಲಿ ನಂದೂರಿನಂಥ ಊರಿನ ಒಂದು ಮನೆಯು ಹೇಗೆ ಏಳುವದು, ಏನು ಉಣ್ಣುವದು, ಏನು ಹೊದೆಯುವದು, ಆ ಮನೆಯಿಂದ ಒಬ್ಬರು ಹೋದ ವರ್ಷ ಅದೇ ಚಳಿಯನ್ನು ಅದು ಹೇಗೆ ಕಳೆಯುವದು ಎಂಬದಷ್ಟೇ ಇಲ್ಲಿಯ ಮಾತು. ಆದರೆ ಮಠದ ಮೆಟ್ಟಿಲು ಹತ್ತುವವರಲ್ಲಿ ಬಹು ಜನರು ತತ್ತ್ವವನ್ನು ಕೇಳಬೇಕೆಂಬ ಆಶೆಗಿಂತ ಮೊದಲು ಮನೆಯ ದುಃಖವೊಂದನ್ನು ಹೊತ್ತು ಬಂದಿರುವರೆಂಬದನ್ನು ಬಲ್ಲವರು, ಇದನ್ನು ಚಿಕ್ಕದೆಂದು ಬದಿಗೆ ಸರಿಸಲಾರರು.

ಕಲಬುರಗಿ ಸೀಮೆಯನ್ನು ಹೊರಗಿನವರು ಬಿಸಿಲಿನ ನಾಡೆಂದೇ ತಿಳಿದಿರುವರು. ಅದು ಸುಳ್ಳಲ್ಲ. ವೈಶಾಖದಲ್ಲಿ ಇಲ್ಲಿಯ ಉಷ್ಣಮಾನವು 40 ಅಂಶಗಳನ್ನು ದಾಟಿ ಹೋಗುವದು. ಆದರೆ ಬಿಸಿಲಿನ ಮಾತನ್ನೇ ಆಡಿ ದಣಿದವರು ಈ ನಾಡಿನ ಚಳಿಯನ್ನು ಮರೆತುಬಿಡುವರು. ದೀಪಾವಳಿಯ ದೀಪಗಳು ಆರಿದ ಮೇಲೆ ಒಣ ಗಾಳಿಯು ಬೀಸಹತ್ತಿ, ಮಾರ್ಗಶಿರದ ನಸುಕಿನಲ್ಲಿ ಉಷ್ಣಮಾನವು 15 ಅಂಶಗಳ ಆಚೀಚೆಗೆ ಇಳಿಯುವದು. ಕೆಲವು ವರ್ಷ ಅದಕ್ಕೂ ಕೆಳಗೆ ಹೋಗುವದು. ಉತ್ತರ ಹಿಂದುಸ್ಥಾನದವರು ಇದನ್ನು ಕೇಳಿ ನಕ್ಕಾರು. ಬೇಸಿಗೆಯ ಬೆಂಕಿಗೆ ಒಗ್ಗಿದ ಮೈಗೆ ಮಾತ್ರ ಇಷ್ಟು ಚಳಿಯೇ ಸಾಕಷ್ಟಾಯಿತು. ಶಹಾಬಾದದ ಫರಸಿ ಹಾಸಿದ ಪಡಸಾಲೆಯಲ್ಲಿ ಬರಿಗಾಲು ಇಟ್ಟವನಿಗೆ ಅದರ ಅರಿವು ನೆತ್ತಿಯ ವರೆಗೂ ಏರುವದು. ಬೇಸಿಗೆಯಲ್ಲಿ ಅದೇ ಕಲ್ಲಿನ ಮೇಲೆ ಒದ್ದೆ ಬಟ್ಟೆ ಹಾಸಿ ಮಲಗಿ ಅದನ್ನು ಹೊಗಳಿದವನೂ ಅವನೇ.

ಹೊಲಗಳ ಪಾಲಿಗೆ ಇದು ತುಂಬಿದ ಕಾಲ. ಎರೆಭೂಮಿಯು ಮಳೆಗಾಲದ ಹಸಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಹಿಂಗಾರಿ ಜೋಳವನ್ನೂ ಕಡಲೆಯನ್ನೂ ಕುಸುಬಿಯನ್ನೂ ಬೆಳೆಸುವದು. ಮುಂಗಾರಿನಲ್ಲಿ ಬಿತ್ತಿದ ತೊಗರಿಯು ಆರು ತಿಂಗಳು ನೆಲದಲ್ಲಿ ನಿಂತು ಡಿಸೆಂಬರ ಜನೆವರಿಗಳಲ್ಲಿ ಕೊಯ್ಲಿಗೆ ಬರುವದು. ತೊಗರಿಯ ಕಣಜವೆಂದು ಹೆಸರಾದ ಈ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಅತ್ತ ಕಮಲಾಪುರದ ಕೆಂಪು ಬಾಳೆಗೂ ಅಂಥದೇ ಮನ್ನಣೆಯುಂಟು. ಮನ್ನಣೆಯ ಪತ್ರದಿಂದ ಬೆಳೆಗೆ ನೆಟೆರೋಗ ಬರುವದೇನೂ ತಪ್ಪುವದಿಲ್ಲವೆಂಬದನ್ನು 2022ರಲ್ಲಿ ಒಣಗಿ ನಿಂತ ತೊಗರಿಯ ಹೊಲಗಳನ್ನು ಕಂಡ ರೈತರು ಬಲ್ಲರು.

ಇಂಥ ಚಳಿಯ ದಿನ ಮನೆಯು ಒಲೆಯಿಂದ ಏಳುವದು. ಮೊದಲು ಎದ್ದವಳು ಬೂದಿಯನ್ನು ಸರಿಸಿ, ತೊಗರಿಯ ಕಟ್ಟಿಗೆಯನ್ನು ಮುರಿದು ಇಟ್ಟು, ಒಂದು ಕುಳ್ಳಿನ ತುಣುಕಿನಿಂದ ಬೆಂಕಿಯನ್ನು ಹಿಡಿಸುವಳು. ಈಗ ಬಹು ಮನೆಗಳಲ್ಲಿ ಅನಿಲದ ಒಲೆ ಬಂದಿದೆ. ಆದರೂ ಮೀಯುವ ನೀರಿಗೆಂದು ಹಿತ್ತಲಲ್ಲಿ ಮೂರು ಕಲ್ಲಿನ ಒಲೆಯು ಉಳಿದಿರುವದು, ಚಳಿಗಾಲದಲ್ಲಂತೂ ಮನೆಯ ಎಲ್ಲರೂ ಅದರ ಸುತ್ತಲೇ ಸೇರುವರು. ಮುದುಕರು ಅಂಗೈಗಳನ್ನು ಬೆಂಕಿಗೆ ಹಿಡಿದು ಕುಳಿತಿರುವರು. ಹುಡುಗರು ತೊಗರಿಯ ಹಸಿಕಾಯಿಗಳನ್ನು ಕೆಂಡದಲ್ಲಿ ದೂಡಿ, ಅವು ಚಟಪಟನೆ ಸಿಡಿಯುವದನ್ನು ಕಾಯುವರು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳವು ಒಂದೇ ತಾಳದಲ್ಲಿ ಕೇಳಿಬರುವದು. ಆ ಸಪ್ಪಳವೇ ಬೇರೆ ಬೇರೆ ಮನೆಯಲ್ಲಿ ಬೇರೆ ಬೇರೆಯಾಗಿರುವದು. ಓಣಿಯ ಕಡೆಯಿಂದ ಬರುವವನು ಇದು ಯಾರ ಮನೆಯ ಅತ್ತೆಯ ಕೈ, ಇದು ಯಾರ ಮನೆಯ ಹೊಸ ಸೊಸೆಯ ಕೈ ಎಂದು ಕಣ್ಣು ಮುಚ್ಚಿ ಹೇಳಬಲ್ಲನು.

ಆ ಹೊತ್ತಿನಲ್ಲಿ ಹಿಂದಿನ ಕಾಲದ ಇನ್ನೊಂದು ದನಿಯಿತ್ತು, ಬೀಸುಕಲ್ಲಿನದು. ನಸುಕಿನ ಕತ್ತಲಲ್ಲಿ ಇಬ್ಬರು ಹೆಣ್ಣುಮಕ್ಕಳು ಎದುರುಬದುರಾಗಿ ಕುಳಿತು ಗೂಟಕ್ಕೆ ಕೈ ಹಚ್ಚಿ ಬೀಸುತ್ತ ತ್ರಿಪದಿಗಳನ್ನು ಹಾಡುತ್ತಿದ್ದರು. ತವರುಮನೆ, ತಾಯಿ, ಅಣ್ಣ, ತೊಟ್ಟಿಲ ಕೂಸು, ತೀರಿಹೋದವರು, ಎಲ್ಲರೂ ಆ ಹಾಡಿನಲ್ಲಿ ಬಂದು ಹೋಗುತ್ತಿದ್ದರು. ಹಗಲಿನಲ್ಲಿ ಅಳಲು ಎಡೆಯಿಲ್ಲದವಳು ನಸುಕಿನಲ್ಲಿ ಹಾಡಿನ ಮರೆಯಲ್ಲಿ ಅಳುತ್ತಿದ್ದಳು. ಎದುರಿಗೆ ಕುಳಿತವಳು ಅದನ್ನು ತಿಳಿದೂ ತಿಳಿಯದವಳಂತೆ ಮುಂದಿನ ನುಡಿಯನ್ನು ಎತ್ತಿಕೊಡುತ್ತಿದ್ದಳು. ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಗ್ರಂಥವನ್ನು ಹೊರಗೆ ತಂದಾಗ, ಓದುಬರಹ ಬಾರದ ತಾಯಂದಿರ ಬಾಯಲ್ಲಿ ಎಷ್ಟು ದೊಡ್ಡ ಸಾಹಿತ್ಯವಿದ್ದಿತೆಂದು ಕನ್ನಡಿಗರು ಬೆರಗಾದರು. ಗಿರಣಿ ಬಂದಿತು, ಬೀಸುವ ಕಷ್ಟವು ತಪ್ಪಿತು. ತಪ್ಪಬೇಕಾದದ್ದೇ ಅದು, ಅದಕ್ಕಾಗಿ ಮರುಗುವವರು ಒಂದು ಪಾಯಲಿ ಜೋಳವನ್ನು ಬೀಸಿ ನೋಡಲಿ. ಆದರೆ ಎದುರಿಗೆ ಒಬ್ಬಳನ್ನು ಕುಳ್ಳಿರಿಸಿಕೊಂಡು ದುಃಖವನ್ನು ಹೊರಗೆ ಹಾಕುವ ಆ ಒಂದು ತಾಸು ಕೂಡ ಅದರೊಡನೆಯೇ ಹೋಯಿತು. ಅದರ ಬದಲಿಗೆ ಬೇರೆ ಏನನ್ನೂ ಯಾರೂ ಕೊಟ್ಟಿಲ್ಲ.

ರಾತ್ರಿಯ ಮಾತು ಕವದಿಯದು. ಬೇಸಿಗೆಯಲ್ಲಿ ಹೊಲದ ಕೆಲಸವು ಇಲ್ಲದಾಗ ಹೆಂಗಸರು ನಾಲ್ಕೂ ಕಡೆಗೆ ಕುಳಿತು ಹೊಲಿದ ಕವದಿಯು ಮಾರ್ಗಶಿರದಲ್ಲಿ ಗಂಟಿನಿಂದ ಹೊರಗೆ ಬರುವದು. ಹಳೆಯ ಧೋತರದ ಒಳಪದರು, ಇಲಕಲ್ಲ ಸೀರೆಯ ಮೇಲ್ಪದರು, ಗುಳೇದಗುಡ್ಡದ ಖಣದ ತುಣುಕುಗಳು, ಮಗುವಿನ ಅಂಗಿಯ ಚೌಕ. ಈಗ ಪೇಟೆಯಲ್ಲಿ ಸೋಲಾಪುರದ ಚಾದರುಗಳು ಬೇಕಾದಷ್ಟು ದೊರೆಯುವವು. ಅವೂ ಬೆಚ್ಚಗೇ ಇರುವವು, ನೋಡಲಿಕ್ಕೂ ಚೆನ್ನ. ಆದರೆ ಅವುಗಳನ್ನು ಹೊದ್ದು ಮಲಗಿದ ಕೂಸು ಬೆರಳಿಟ್ಟು, ‘ಇದು ಯಾರ ಸೀರಿ?’ ಎಂದು ಕೇಳಲಾರದು. ಕವದಿಯಲ್ಲಿ ಮಾತ್ರ ಆ ಪ್ರಶ್ನೆಗೆ ಎಡೆಯುಂಟು. ಉತ್ತರ ಹೇಳುವವರಿಗೆ ಅರ್ಧ ರಾತ್ರಿಯೂ ಸಾಲದು. ಮನೆತನದ ಚರಿತ್ರೆಯನ್ನು ಬರೆದಿಡುವ ರೂಢಿಯು ಒಕ್ಕಲಿಗರ ಮನೆಗಳಲ್ಲಿ ಇರಲಿಲ್ಲ. ಬರೆಯದಿದ್ದುದನ್ನು ಹೊಲಿದಿಟ್ಟರು.

ಈಗ ತಾವೆಲ್ಲರೂ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಅದಕ್ಕೆ ಹೆಸರು ಬೇಡ. ಅಂಥ ಮನೆಯು ಯಾವ ಓಣಿಯಲ್ಲಿಯಾದರೂ ಇದ್ದೀತು. ಆ ಮನೆಯ ಯಜಮಾನನು ಭಾದ್ರಪದದಲ್ಲಿ ಲಿಂಗೈಕ್ಯನಾದನು. ಜಂಗಮರು ಬಂದರು, ವಿಭೂತಿ ಪತ್ರೆಗಳಿಂದ ಕ್ರಿಯಾಸಮಾಧಿಯು ತನ್ನ ಹೊಲದ ಬದುವಿನ ಬಳಿಯಲ್ಲಿ, ತಂದೆತಾಯಿಗಳ ಮಗ್ಗುಲಲ್ಲಿಯೇ ನಡೆಯಿತು. ಪುಣೆಯಲ್ಲಿ ಕೆಲಸದಲ್ಲಿರುವ ಮಗನು ಹದಿನೈದು ದಿವಸ ಇದ್ದು ಹೋದನು. ಮಳೆಗಾಲವು ಹೇಗೋ ಕಳೆಯಿತು, ಯಾಕಂದರೆ ಬಂದುಹೋಗುವವರು ಇದ್ದರು. ಚಳಿಗಾಲವು ಬಂದಾಗ ಮನೆಯಲ್ಲಿ ತಾಯಿಯೊಬ್ಬಳೇ. ನಸುಕಿನಲ್ಲಿ ಎದ್ದು ರೂಢಿಯಂತೆ ಎರಡು ಚರಿಗೆ ನೀರು ಕಾಯಿಸಲು ಇಡುವಳು. ಒಂದು ಚರಿಗೆಯ ನೀರು ಆರಿ ತಣ್ಣಗಾಗುವದು. ರೊಟ್ಟಿಯ ಹಿಟ್ಟನ್ನು ನಾದುವಾಗ ಕೈ ತಾನೇ ತಾನಾಗಿ ಇಬ್ಬರ ಅಳತೆಯನ್ನು ತೆಗೆದುಕೊಳ್ಳುವದು. ಗೂಟಕ್ಕೆ ತೂಗುಬಿದ್ದ ಅವನ ಕಂಬಳಿಯನ್ನು ಅವಳು ತೆಗೆಯಲೂ ಒಲ್ಲಳು, ಹೊದೆಯಲೂ ಒಲ್ಲಳು. ಸಾವಿನ ದಿನದ ದುಃಖವು ದೊಡ್ಡದು, ಅದನ್ನು ನೂರು ಜನ ಹಂಚಿಕೊಳ್ಳುವರು. ತಣ್ಣಗಾದ ಆ ಒಂದು ಚರಿಗೆ ನೀರಿನ ದುಃಖವನ್ನು ಹಂಚಿಕೊಳ್ಳುವವರಾರು?

ಇಂಥವಳ ಮುಂದೆ ಬಂದು ಕುಳಿತು, ‘ಅಳಬ್ಯಾಡ, ಲಿಂಗದೊಳಗ ಬೆರೆತವರಿಗೆ ಅಳಬಾರದು’ ಎಂದು ಹೇಳುವವರು ಬಹಳ ಜನ. ಅವರ ಮಾತು ಸುಳ್ಳಲ್ಲ. ಲಿಂಗವಂತನಿಗೆ ಮರಣವು ನಾಶವಲ್ಲವೆಂಬದು ಶರಣರ ನಿಶ್ಚಿತವಾದ ನಿಲುವು. ಆದರೆ ನಿಜವಾದ ಮಾತೂ ಹೊತ್ತನ್ನು ಅರಿಯದೆ ಬಂದರೆ ಬಾಗಿಲನ್ನು ತೆರೆಯುವ ಬದಲು ಮುಚ್ಚುವದು. ದುಃಖಪಡುವವಳು ಅಂದಿನಿಂದ ಅವರ ಮುಂದೆ ಅಳುವದನ್ನು ಬಿಟ್ಟು ಒಳಗೊಳಗೇ ಅಳಹತ್ತುವಳು. ಬುದ್ಧಿ ಹೇಳಿದವರು ಅವಳು ಸಮಾಧಾನ ಹೊಂದಿದಳೆಂದು ಹೇಳುತ್ತ ಹೋಗುವರು. ಶರಣರ ಚರಿತ್ರೆಯನ್ನೇ ಲಕ್ಷ್ಯಗೊಟ್ಟು ನೋಡಿದರೆ ಇವರ ಅವಸರವು ಎಷ್ಟು ತಪ್ಪೆಂಬದು ತಿಳಿಯುವದು. ಬಸವಣ್ಣನವರ ಮಡದಿ ನೀಲಮ್ಮನವರು ಕಲ್ಯಾಣದಿಂದ ಕೂಡಲಸಂಗಮದ ಕಡೆಗೆ ಹೊರಟು, ಕೃಷ್ಣಾ ತೀರದ ತಂಗಡಗಿಯಲ್ಲಿ ಬಸವಣ್ಣನವರು ಐಕ್ಯರಾದ ವಾರ್ತೆಯನ್ನು ಕೇಳಿ, ಅಲ್ಲಿಯೇ ಐಕ್ಯರಾದರೆಂದು ಪರಂಪರೆಯು ಹೇಳುವದು. ‘ಸಂಗಯ್ಯ’ ಎಂಬ ಅಂಕಿತದಲ್ಲಿರುವ ಅವರ ವಚನಗಳಲ್ಲಿ ಬಸವನ ಹೆಸರು ಸಾಲುಸಾಲಿಗೆ ಮರಳಿ ಮರಳಿ ಬರುವದು. ಅನುಭವ ಮಂಟಪದ ಮಧ್ಯದಲ್ಲಿ ಬಾಳಿದ ತಾಯಿಗೆ ತತ್ತ್ವದ ಕೊರತೆಯಿತ್ತೇ? ಆದರೂ ಅವರು ಆ ಹೆಸರನ್ನು ಅಷ್ಟು ಸಾರೆ ಕರೆದರು. ಹೆಸರು ಹಿಡಿದು ಕರೆಯುವದು ಅಜ್ಞಾನವಾಗಿದ್ದರೆ ಆ ವಚನಗಳನ್ನು ಶರಣ ಸಂಕುಲವು ಎಂಟು ಶತಮಾನಗಳ ವರೆಗೆ ಕಾಪಾಡಿಕೊಂಡು ಬರುತ್ತಿರಲಿಲ್ಲ.

ಹಾಗಾದರೆ ಅವಳ ಮುಂದೆ ಏನನ್ನು ಹೇಳಬೇಕು? ಬಹಳ ಸಾರೆ ಏನನ್ನೂ ಹೇಳಬೇಕಾಗಿಲ್ಲ. ಹೋಗಿ ಕುಳಿತರೆ ಸಾಕು. ಹೋಗಿ ಕುಳಿತುಕೊಳ್ಳುವದರ ಬೆಲೆಯನ್ನು ಕಲಬುರಗಿಯು 2020ರಲ್ಲಿ ಕಲಿತಷ್ಟು ಕಠಿಣವಾಗಿ ಬೇರೆ ಊರುಗಳು ಕಲಿತಿರಲಿಕ್ಕಿಲ್ಲ. ಆ ವರ್ಷದ ಮಾರ್ಚ 10ರಂದು ಈ ನಗರದ ವೃದ್ಧರೊಬ್ಬರು ತೀರಿಕೊಂಡರು. ಎರಡು ದಿವಸಗಳ ತರುವಾಯ, ಅದು ಕೋವಿಡ ಬೇನೆಯಿಂದ ಭಾರತದಲ್ಲಿ ಸಂಭವಿಸಿದ ಮೊದಲನೆಯ ಮರಣವೆಂದು ದೃಢವಾಯಿತು. ಆಮೇಲೆ ಆ ವರ್ಷವೂ ಮುಂದಿನ ವರ್ಷವೂ ಎಷ್ಟೋ ಮನೆಗಳಲ್ಲಿ ಹಿರಿಯರು ಹೋದರು. ಮಗನು ತಂದೆಯ ಹಣೆಗೆ ವಿಭೂತಿಯನ್ನು ಹಚ್ಚಲಾರದೆ ದೂರದಲ್ಲಿ ನಿಂತನು. ಓಣಿಯವರು ಬಾಗಿಲ ಸಂದಿಯಿಂದ ನೋಡಿ ಕಣ್ಣೀರು ಹಾಕಿದರೇ ಹೊರತು ಅಂಗಳಕ್ಕೆ ಇಳಿಯಲಾರದಾದರು. ಅದು ಅವರ ತಪ್ಪಲ್ಲ, ಬೇನೆಯ ಕಟ್ಟಳೆ. ಆ ಮನೆಗಳವರು ಇಂದಿಗೂ ಆಡುವ ಮಾತು ಒಂದೇ: ‘ಯಾರೂ ಬಂದು ಕೂಡಲಿಲ್ಲ.’ ಔಷಧ ಸಿಕ್ಕಲಿಲ್ಲವೆಂಬದಕ್ಕಿಂತ, ಹಣ ಹೋಯಿತೆಂಬದಕ್ಕಿಂತ ಈ ಮಾತೇ ಮೊದಲು ಬಾಯಿಗೆ ಬರುವದು. ಸಾವಿನ ಮನೆಗೆ ಹೋಗಿ ಒಂದು ತಾಸು ಸುಮ್ಮನೆ ಕುಳಿತು ಬರುವದನ್ನು ಲೋಕರೂಢಿಯೆಂದು ಅಷ್ಟರ ವರೆಗೆ ಹಗುರಾಗಿ ಎಣಿಸಿದವರಿಗೆ ಅದು ಯಾವ ಅನ್ನಕ್ಕಿಂತಲೂ ಕಡಿಮೆಯಾದುದಲ್ಲವೆಂದು ಆಗ ತಿಳಿಯಿತು.

ಮನಸ್ಸಿಗೆ ತಂದುಕೊಂಡ ಆ ಮನೆಗೇ ಮರಳುವದಾದರೆ, ಅಲ್ಲಿ ಎಳ್ಳ ಅಮಾವಾಸ್ಯೆಯು ಹತ್ತಿರ ಬಂದಿದೆ. ಮಾರ್ಗಶಿರದ ಕೊನೆಯ ದಿನ, ಡಿಸೆಂಬರದಲ್ಲಿಯೋ ಜನೆವರಿಯ ಮೊದಲ ಭಾಗದಲ್ಲಿಯೋ ಬರುವ ಈ ಹಬ್ಬವು ಕಲಬುರಗಿ ಬೀದರ ಸೀಮೆಗಳ ಒಕ್ಕಲು ಮಕ್ಕಳಿಗೆ ವರ್ಷದ ಹಿರಿಯ ಹಬ್ಬ. ಅಂದು ಊರೆಲ್ಲ ಹೊಲದಲ್ಲಿರುವದು. ಪಟ್ಟಣದ ಓಣಿಗಳೂ ಬರಿದಾಗುವವು, ಯಾಕಂದರೆ ಹೊಲವಿದ್ದವನು ಹೊಲವಿಲ್ಲದ ಗೆಳೆಯನನ್ನು ಜಾತಿಮತಗಳನ್ನು ಎಣಿಸದೆ ಕರೆದುಕೊಂಡು ಹೋಗುವನು. ಆದರೆ ವರ್ಷದೊಳಗೆ ಸಾವಾದ ಮನೆಯಲ್ಲಿ ಹಬ್ಬವನ್ನು ಮಾಡಬಾರದೆಂದು ಹೇಳುವವರು ಉಂಟು. ಮಾಡಿದರೂ ಗಂಡನನ್ನು ಕಳೆದುಕೊಂಡವಳು ಮುಂದೆ ಬರಬಾರದೆಂದು ಹೇಳುವವರೂ ಉಂಟು. ಅವಳು ಮನೆಯಲ್ಲಿ ಕುಳಿತಿರಲಿ, ಮಗ ಸೊಸೆಯಂದಿರು ಹೊಲಕ್ಕೆ ಹೋಗಿ ಬರಲಿ ಎಂಬದು ಅವರ ಸಲಹೆ.

ಈ ಸಲಹೆಯನ್ನು ಕುರಿತು ಮಠದ ಸಭೆಯಲ್ಲಿ ಮರೆಮಾಚದೆ ಹೇಳಬೇಕಾದದ್ದುಂಟು. ಶರಣರು ಸಾವಿನ ಸೂತಕವನ್ನು ಒಪ್ಪಲಿಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳು ಲಿಂಗಧಾರಿಗೆ ಇಲ್ಲವೆಂಬದು ಈ ಸಮಾಜದ ಮೂಲ ಮಾತುಗಳಲ್ಲಿ ಒಂದು. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದ ತಾಯಿಯು ಗಂಡನು ಹೋದ ಮಾತ್ರಕ್ಕೆ ಅಮಂಗಳೆಯಾಗುವದು ಹೇಗೆ? ಹಾಗೆಂದವನು ಅವಳನ್ನಷ್ಟೇ ಹಳಿದಂತಾಗಲಿಲ್ಲ. ತತ್ತ್ವವನ್ನು ಗದ್ದುಗೆಯ ಮುಂದೆ ಹಾಡಿ, ಮನೆಯ ಹೊಸತಿಲಲ್ಲಿ ಮರೆಯುವ ಈ ರೋಗವು ಈಚಿನದಲ್ಲ. ಆದರೆ ಹಳೆಯದೆಂಬ ಕಾರಣದಿಂದ ಅದಕ್ಕೆ ಗೌರವವು ಸಲ್ಲಬೇಕಾಗಿಲ್ಲ.

ತಾಯಿಯು ಮಾತ್ರ ಇಂಥ ವಾದಗಳನ್ನು ಬಲ್ಲವಳಲ್ಲ. ಅವಳಿಗೆ ಹೊಲಕ್ಕೆ ಹೋಗುವ ಮನಸ್ಸೇ ಇಲ್ಲ. ಪುಣೆಯಿಂದ ಮಗ, ಸೊಸೆ, ಆರು ವರ್ಷದ ಮೊಮ್ಮಗಳು ಬಂದಿರುವರು. ಹಬ್ಬದ ಹಿಂದಿನ ದಿನ ಸಂಜೆಗೆ ನೆರೆಮನೆಯಾಕೆಯು ಒಂದು ಮೊರದ ತುಂಬ ಹಸಿ ತೊಗರಿಕಾಯಿಗಳನ್ನು ತಂದು ಪಡಸಾಲೆಯಲ್ಲಿ ಸುರಿದು, ‘ಯಕ್ಕಾ, ನಮ್ಮನ್ಯಾಗ ಕೈ ಸಾಲವಲ್ಲವು, ಇಷ್ಟು ಕಾಯಿ ಸುಲದು ಕೊಡು’ ಎಂದು ಕುಳಿತಳು. ನಿಜವಾಗಿ ಅವಳ ಮನೆಯಲ್ಲಿ ಕೈಗಳಿಗೆ ಕೊರತೆಯಿರಲಿಲ್ಲ, ಇಬ್ಬರು ಸೊಸೆಯರಿದ್ದರು. ತಾಯಿಗೂ ಅದು ಗೊತ್ತು. ಆದರೆ ಕೇಳಿದ ಕೆಲಸಕ್ಕೆ ಇಲ್ಲವೆನ್ನುವ ರೂಢಿ ಹಳ್ಳಿಯಲ್ಲಿಲ್ಲ. ಸುಲಿಯುತ್ತ ಕುಳಿತರು. ಕಾಳು ಬುಟ್ಟಿಗೆ ಬೀಳುವ ಸಪ್ಪಳದ ನಡುವೆ ನೆರೆಯಾಕೆಯು, ‘ಅಣ್ಣಾರು ಭಜ್ಜಿಗೆ ಹುಳಿ ಭಾಳ ಬೇಕಂತಿದ್ರು ನೋಡು’ ಎಂದಳು. ಮೂರು ತಿಂಗಳಲ್ಲಿ ಆ ಮನೆಯಲ್ಲಿ ತೀರಿದವನ ರುಚಿಯ ಮಾತನ್ನು ಆಡಿದವರು ಅವಳೇ ಮೊದಲು. ಉಳಿದವರೆಲ್ಲ ಅವನ ಆತ್ಮದ ಮಾತನ್ನು ಆಡಿದ್ದರು. ತಾಯಿಯು ಕೈ ನಿಲ್ಲಿಸದೆ, ‘ಹುಳಿ ಅಷ್ಟ ಅಲ್ಲ ಯವ್ವಾ, ಹಸಿಮೆಣಸಿನಕಾಯಿನೂ ಭಾಳ ಬೇಕು’ ಎಂದಳು, ಎಂದು ಅತ್ತಳು. ನೆರೆಯಾಕೆಯು ಅಳಬೇಡವೆನ್ನಲಿಲ್ಲ. ಸುಲಿದ ಕಾಳುಗಳನ್ನು ಮೊರದಲ್ಲಿ ಹಸನು ಮಾಡುತ್ತ ಕುಳಿತಳು. ಏಳುವಾಗ, ‘ನಾಳಿಗಿ ನೀ ಹೊಲಕ್ಕ ಬರಲಿಲ್ಲಂದ್ರ ನಮ್ಮ ಬುತ್ತಿ ಗಂಟು ಬಿಚ್ಚೂದಿಲ್ಲ’ ಎಂದು ಹೋದಳು.

ಆ ರಾತ್ರಿ ಒಲೆಯು ಆರಲಿಲ್ಲ. ತೊಗರಿ, ಕಡಲೆ, ಅವರೆಯ ಹಸಿಕಾಳುಗಳೂ ಮೆಂತ್ಯೆ ಮೊದಲಾದ ತರತರದ ಪಲ್ಯಗಳೂ ಬದನೆಕಾಯಿಯೂ ಹುಣಸೆಯ ಹುಳಿಯಲ್ಲಿ ಬೆಂದು, ಕಡಲೆಹಿಟ್ಟಿನಿಂದ ಗಟ್ಟಿಯಾಗಿ ಭಜ್ಜಿಯಾಗುವದು. ಹೊಲದಲ್ಲಿ ಬೆಳೆದುದೆಲ್ಲವೂ ಒಂದೇ ಪಾತ್ರೆಯಲ್ಲಿ ಸೇರುವ ಇಂಥ ಪದಾರ್ಥವು ಬೇರೆ ಕಡೆಗೆ ಅಪರೂಪ. ಜೋಳದ ಅಂಬಲಿಯನ್ನು ಮಜ್ಜಿಗೆ ಬೆಳ್ಳುಳ್ಳಿಗಳೊಡನೆ ಗಡಿಗೆಯಲ್ಲಿ ಹುಳಿಯಲು ಇಡುವರು. ಸಜ್ಜೆಯ ಕಡುಬು, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾದ ಹೋಳಿಗೆ. ಎಳ್ಳು ಸಜ್ಜೆಗಳು ಮೈಗೆ ಕಾವು ಕೊಡುವವೆಂದು ವೈದ್ಯರು ಹೇಳುವರು. ಅಜ್ಜಿಯರಿಗೆ ಅದು ವೈದ್ಯರಿಗಿಂತ ಮೊದಲೇ ಗೊತ್ತಿತ್ತು. ಸೊಸೆಯು ಭಜ್ಜಿಗೆ ಹುಳಿಯನ್ನು ಹಾಕುವಾಗ ತಾಯಿಯು ಹಿಂದಿನಿಂದ, ‘ಇನ್ನಟು ಹಾಕು’ ಎಂದಳು.

ಮರುದಿನ ಹೊಲ. ಬನ್ನಿಯ ಗಿಡದ ಕೆಳಗೆ ಜೋಳದ ದಂಟಿನ ಗೂಡು, ಅದರೊಳಗೆ ಸುಣ್ಣ ಹಚ್ಚಿದ ಐದು ಕಲ್ಲುಗಳು. ಇವರನ್ನು ಪಾಂಡವರೆಂದು ಪೂಜಿಸುವರು. ಲಿಂಗವಂತರ ಹೊಲದಲ್ಲಿ ಪಾಂಡವರೇಕೆಂದು ಪಂಡಿತರು ಕೇಳಬಹುದು. ಒಕ್ಕಲಿಗನು ಇಂಥ ಪ್ರಶ್ನೆಗಳಿಗೆ ಹೋಳಿಗೆಯನ್ನು ಬಡಿಸಿ ಉತ್ತರ ಕೊಡುವನು. ಪೂಜೆಯಾದ ಮೇಲೆ ಬದುವಿನ ಬಳಿಯ ಸಮಾಧಿಗಳಿಗೆ ಎಡೆ ಸಲ್ಲುವದು. ಹೊಸ ಸಮಾಧಿಯ ಮಣ್ಣು ಇನ್ನೂ ಪೂರ್ತಿ ಕುಳಿತಿರಲಿಲ್ಲ. ಅದರ ಮೇಲೆ ಕಡಲೆಯ ನಾಲ್ಕು ಸಸಿಗಳು ತಾವಾಗಿಯೇ ಹುಟ್ಟಿದ್ದವು. ಮಗನು ಅವುಗಳನ್ನು ಕೀಳಲು ಬಗ್ಗಿದಾಗ ತಾಯಿಯು ತಡೆದಳು.

ಚರಗ ಚೆಲ್ಲುವ ಕೆಲಸವು ಒಬ್ಬರದಲ್ಲ. ಕಡುಬು, ಭಜ್ಜಿ, ರೊಟ್ಟಿಗಳನ್ನು ಮುರಿದು ಕಲಸಿದ ಬುಟ್ಟಿಯನ್ನು ಹಿಡಿದು ಒಬ್ಬನು ಮುಂದೆ ಬೆಳೆಗೆ ಎರಚುತ್ತ ಹೊಲವನ್ನು ಸುತ್ತುವನು. ಹಿಂದೆ ಇನ್ನೊಬ್ಬರು ನೀರು ಚಿಮುಕಿಸುತ್ತ ನಡೆಯಬೇಕು. ಭೂಮಿತಾಯಿಗೆ ಉಣ್ಣಲಿಕ್ಕೆ ಇಟ್ಟು ಕುಡಿಯಲಿಕ್ಕೆ ಕೊಡದಿರುವದು ಹೇಗೆ? ಮಗನು ಬುಟ್ಟಿಯನ್ನು ಎತ್ತಿದನು. ಪುಣೆಯಲ್ಲಿ ಹನ್ನೆರಡು ವರ್ಷ ಕಳೆದವನಿಗೆ ಕೂಗುವ ಕೂಗು ಬಾಯಿಗೆ ಬರಲೊಲ್ಲದು. ಪಕ್ಕದ ಹೊಲದ ವೃದ್ಧನೊಬ್ಬನು ಬದುವಿನ ಆಚೆಗೆ ನಿಂತು ತಾನೇ ಕೂಗಿ, ‘ಹಾಂಗಲ್ಲೋ ತಮ್ಮಾ, ಎದಿ ತುಂಬ ಕೂಗು, ನಿಮ್ಮಪ್ಪ ಕೂಗಿದ್ರ ಮೂರು ಹೊಲಕ್ಕ ಕೇಳತಿತ್ತು’ ಎಂದನು. ನೀರಿನ ಚರಿಗೆ ನೆಲದ ಮೇಲೆಯೇ ಇತ್ತು. ಅದನ್ನು ಯಾರು ಹಿಡಿಯಬೇಕೆಂದು ಒಂದು ಕ್ಷಣ ಎಲ್ಲರೂ ಸುಮ್ಮನೆ ನಿಂತರು. ಮೊಮ್ಮಗಳು ಚರಿಗೆಯನ್ನು ಎತ್ತಲು ಹೋಗಿ ಅರ್ಧ ನೀರನ್ನು ತನ್ನ ಮೇಲೆಯೇ ಚೆಲ್ಲಿಕೊಂಡಿತು. ತಾಯಿಯು ಎದ್ದು ಚರಿಗೆಯನ್ನು ತುಂಬಿಕೊಂಡು ಮಗನ ಹಿಂದೆ ನಡೆದಳು. ನೆರೆಯಾಕೆಯು ಗಂಟನ್ನು ಬಿಚ್ಚಿದಳು. ಬಾರದೆಂದು ಹೇಳುವವರು ಯಾರಾದರೂ ಅಲ್ಲಿದ್ದರೋ ಇಲ್ಲವೋ, ಆ ಹೊತ್ತಿನಲ್ಲಿ ಯಾರೂ ಬಾಯಿ ತೆರೆಯಲಿಲ್ಲ.

ಎರಚಿದ ಚರಗವನ್ನು ತಿನ್ನಲು ಹಕ್ಕಿಗಳು ಇಳಿಯುವವು. ಹಕ್ಕಿಗಳ ಮಾತು ಬಂದಾಗ ಈ ಸೀಮೆಯವರಿಗೆ ಶರಣಬಸವೇಶ್ವರರ (1746–1822) ನೆನಪಾಗದೆ ಇರದು. ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ಆ ಶರಣರು ಜೋಳದ ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ, ತಿಂದು ಬಾಯಾರಿದ ಅವುಗಳಿಗೆಂದು ಹೊಲದಲ್ಲಿ ನೀರಿನ ಗಡಿಗೆಗಳನ್ನು ಇಡಿಸಿದರೆಂಬ ಕಥೆಯನ್ನು ಇಲ್ಲಿಯ ಮಕ್ಕಳೂ ಹೇಳಬಲ್ಲವು. ಅವರು ಕಲಬುರಗಿಗೆ ಬಂದು ದಾಸೋಹವನ್ನು ನಡೆಸಿದರು. ಇಂದು ಅವರ ಗದ್ದುಗೆಯ ಸುತ್ತಲೂ ಒಂದು ಊರೇ ಬೆಳೆದಿದೆ; ಹೋಳಿಯ ತರುವಾಯ ಚಳಿಯು ಪೂರ್ತಿ ಹಿಂದೆಗೆದ ಹೊತ್ತಿಗೆ ಅಲ್ಲಿ ತೇರು ಎಳೆಯುವರು. ಅದೇ ನಗರದ ಇನ್ನೊಂದು ಕಡೆಗೆ 1422ರಲ್ಲಿ ಕಾಲವಾದ ಖಾಜಾ ಬಂದೇನವಾಜರ ದರ್ಗಾ ಇದೆ. ವಿಚಿತ್ರವಾದ ಮಾತೆಂದರೆ, ಕಲಬುರಗಿಯ ಜನರು ತಮ್ಮ ದುಃಖಗಳನ್ನು ಹೊತ್ತು ಹೋಗುವ ಎರಡು ಹಿರಿಯ ಸ್ಥಳಗಳೂ ದೇಹವನ್ನು ಬಿಟ್ಟ ಮಹಾತ್ಮರು ಮಲಗಿದ ಸ್ಥಳಗಳೇ ಆಗಿವೆ. ಅಲ್ಲಿ ಸಾವಿನ ಅಂಜಿಕೆಯು ಯಾರ ಮುಖದಲ್ಲಿಯೂ ಕಾಣಬರುವದಿಲ್ಲ. ಅನ್ನದ ವಾಸನೆ, ಮಕ್ಕಳ ಗದ್ದಲ, ಬಳೆಯಂಗಡಿ, ಎಲ್ಲವೂ ಅಲ್ಲಿರುವವು. ಹೊಲದ ಬದುವಿನ ಚಿಕ್ಕ ಸಮಾಧಿಯ ಮುಂದೆ ಮನೆಯವರು ಕುಳಿತು ಬುತ್ತಿಯನ್ನು ಉಣ್ಣುವದೂ ಇದರ ಚಿಕ್ಕ ರೂಪವೇ ಸರಿ.

ಆದರೆ ಬದುವೇ ಇಲ್ಲದವರ ಗತಿಯೇನು? ಕಲಬುರಗಿ ನಗರವು ನಾಲ್ಕೂ ದಿಕ್ಕಿಗೆ ಬೆಳೆಯುತ್ತಿದೆ. ನಂದೂರ–ಕೆಸರಟಗಿಯ ಕಡೆಗೆ ಕೈಗಾರಿಕಾ ಪ್ರದೇಶವಾಗಿದೆ. ನಗರದ ಸುತ್ತಲಿನ ಎಷ್ಟೋ ಎರೆಹೊಲಗಳು ನಿವೇಶನಗಳಾಗಿ ಕಲ್ಲು ನೆಟ್ಟುಕೊಂಡು ನಿಂತಿವೆ. ಕಾರಖಾನೆಗಳು ಬೇಡವೆಂದು ಹೇಳುವದು ಸುಲಭ. ಅವುಗಳಲ್ಲಿ ದುಡಿದು ಮಕ್ಕಳನ್ನು ಓದಿಸುವವರ ಮುಂದೆ ಹಾಗೆ ಹೇಳಲು ಬಾಯಿ ಬಾರದು. ಹೊಲವನ್ನು ಕೊಟ್ಟವರಿಗೆ ಹಣವು ಬಂದಿತು, ಕೆಲವರಿಗೆ ಒಳ್ಳೆಯದೂ ಆಯಿತು. ಎಳ್ಳ ಅಮಾವಾಸ್ಯೆಯ ಬೆಳಗಿನಲ್ಲಿ ಮಾತ್ರ ಬುತ್ತಿ ಕಟ್ಟಿಕೊ೦ಡು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯು ಅವರ ಮನೆಯಲ್ಲಿ ಏಳುವದು. ಬೀಗರ ಹೊಲಕ್ಕೆ, ಗೆಳೆಯರ ಹೊಲಕ್ಕೆ ಹೋಗುವರು. ಹಿರಿಯರ ಸಮಾಧಿಯಿದ್ದ ತುಂಡು ನೆಲವನ್ನು ಮಾರದೆ ಬಿಟ್ಟುಕೊಂಡವರೂ ಉಂಟು. ವ್ಯವಹಾರವನ್ನು ಬಲ್ಲವರು ಅದನ್ನು ಹುಚ್ಚುತನವೆಂದಾರು. ಅವರು ಮಾಗಿಯ ಒಂದು ದಿನ ಆ ತುಂಡು ನೆಲದಲ್ಲಿ ಕುಳಿತು ಉಂಡು ನೋಡಲಿ.

ಹೊಲದಿಂದ ಮರಳಿ ಬರುವಾಗ ಹೊತ್ತು ಮುಳುಗಿತ್ತು. ಮೈಯೆಲ್ಲ ದಣಿದು, ಬಂಡಿಯ ಹಾದಿಯ ಧೂಳು ಕಾಲಿಗೆ ತಣ್ಣಗೆ ಹತ್ತುತ್ತಿತ್ತು. ರಾತ್ರಿ ಕವದಿಯನ್ನು ಹಾಸಿದಾಗ ಮೊಮ್ಮಗಳು ರೂಢಿಯಂತೆ ಬೆರಳಿಟ್ಟು ಕೇಳಹತ್ತಿದಳು. ‘ಆಯಿ, ಇದು ಯಾರ ಸೀರಿ?’ ‘ನಮ್ಮ ಅತ್ತೀದು.’ ‘ಇದು?’ ‘ನಿಮ್ಮಪ್ಪನ ಮೊದಲನೇ ಅಂಗಿ.’ ‘ಮುತ್ಯಾಂದು ಎಲ್ಲ್ಯದ?’ ಅದಕ್ಕೆ ಉತ್ತರವಿರಲಿಲ್ಲ. ಬದುಕಿರುವವರ ಬಟ್ಟೆಗಳಲ್ಲಿ ಒಳ್ಳೆಯವುಗಳನ್ನು ಕತ್ತರಿಸಿ ಕವದಿಗೆ ಹಾಕುವ ಪದ್ಧತಿಯಿಲ್ಲ.

ತಾಯಿಯು ಎದ್ದು ಪೆಟ್ಟಿಗೆಯನ್ನು ತೆಗೆದಳು. ಭಾದ್ರಪದದಿಂದ ಅದನ್ನು ತೆರೆದಿರಲಿಲ್ಲ. ಮಡಿಚಿಟ್ಟ ಧೋತರಗಳ ಮೇಲೆ ಕೆಂಪು ರುಮಾಲು ಇತ್ತು. ಅದನ್ನು ತೊಡೆಯ ಮೇಲೆ ಹರವಿಕೊಂಡು, ‘ಬ್ಯಾಸಗಿ ಬರಲಿ, ಹೊಸಾದೊಂದು ಹೊಲಿಯೋಣು’ ಎಂದಳು. ರುಮಾಲಿನ ತುಂಡು ನಡುವೆ ಬರಬೇಕೆಂದು ಹುಡುಗಿಯು ಹಟ ಹಿಡಿದಳು. ನಡುವೆ ಹಾಕಿದರೆ ಬೇಗ ಹರಿಯುವದು, ಅಂಚಿಗೆ ಹಾಕಬೇಕೆಂದು ಸೊಸೆಯು ಅಂದಳು. ಅಂಚೇ ಮೊದಲು ಸವೆಯುವದೆಂದು ತಾಯಿಯ ವಾದ. ಹೊರಗೆ ಕಟ್ಟೆಯ ಮೇಲೆ ಕಂಬಳಿಯನ್ನು ಹೊದ್ದು ಕುಳಿತಿದ್ದ ಮಗನು, ತಂದೆಯದೇ ಆ ಕಂಬಳಿ, ಒಳಗಿನ ವಾದವು ತೀರುವದನ್ನು ಕೇಳುತ್ತ ಬಹಳ ಹೊತ್ತು ಅಲ್ಲಿಯೇ ಇದ್ದನು. ಅದು ಅಂದು ತೀರಲಿಲ್ಲ.